ಕೆಂಪು ಮಣ್ಣಿನ ಹೊಲದಲ್ಲಿ ಟ್ರ್ಯಾಕ್ಟರ್: ನಿರ್ವಹಣೆ, ಓಡಿಸುವ ಕ್ರಮ ಮತ್ತು ಡೀಸೆಲ್ ಲೆಕ್ಕ

ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳಲ್ಲಿ ಟ್ರ್ಯಾಕ್ಟರ್ ಎಂಜಿನ್ ಹೊತ್ತಿಗೆ ಮುಂಚೆ ಬೋರ್ ಕೆಲಸಕ್ಕೆ (ಸವೆದ ಸಿಲಿಂಡರ್ ಸರಿಮಾಡಿಸುವ ದೊಡ್ಡ ರಿಪೇರಿಗೆ) ಬಂದರೆ ದುಡಿಮೆ ಜಾಸ್ತಿಯಾಯಿತು ಎಂದುಕೊಳ್ಳುವವರೇ ಹೆಚ್ಚು. ಬಿಚ್ಚಿ ನೋಡಿದರೆ ಸಾಮಾನ್ಯವಾಗಿ ಸಿಗುವ ಕಾರಣಗಳು ಎರಡು. ಒಂದು, ಏರ್ ಕ್ಲೀನರ್ ದಾಟಿ ಒಳಹೊಕ್ಕ ಕೆಂಪು ಮಣ್ಣಿನ ಧೂಳು. ಇನ್ನೊಂದು, ರೇಡಿಯೇಟರ್‌ಗೆ ಸುರಿದ ಬೋರ್ (ಕೊಳವೆಬಾವಿ) ನೀರು. ಇವೆರಡನ್ನು ತಡೆದರೆ ಅರ್ಧ ರಿಪೇರಿ ತಾನೇ ತಪ್ಪುತ್ತದೆ. ಮಿಕ್ಕದ್ದು ಗೇರ್, ಟೈರ್ ಮತ್ತು ಉಪಕರಣ ಜೋಡಣೆಯ ಲೆಕ್ಕ. ಡೀಸೆಲ್ ಉಳಿಯುವುದು ಅಲ್ಲಿ.

ಇಲ್ಲಿ ಕೊಟ್ಟಿರುವ ಅಳತೆಗಳು ನಮ್ಮ ಕಡೆ ಹೆಚ್ಚಾಗಿ ಓಡುವ 35ರಿಂದ 50 ಎಚ್‌ಪಿ ಟ್ರ್ಯಾಕ್ಟರ್‌ಗಳಿಗೆ ಹೊಂದುವಂಥವು. ನಿಮ್ಮ ಮಾದರಿಯ ಕೈಪಿಡಿಯಲ್ಲಿ ಬೇರೆ ಅಂಕಿ ಇದ್ದರೆ ಅದನ್ನೇ ಪಾಲಿಸಿ.

ಮೊದಲು ಗಂಟೆ ಮೀಟರ್ ಸರಿಮಾಡಿಸಿ

ಟ್ರ್ಯಾಕ್ಟರ್ ಸರ್ವಿಸ್ ನಡೆಯುವುದು ಕಿಲೋಮೀಟರ್ ಮೇಲಲ್ಲ, ತಿಂಗಳ ಮೇಲೂ ಅಲ್ಲ, ಎಂಜಿನ್ ಓಡಿದ ಗಂಟೆಯ ಮೇಲೆ. ಮೀಟರ್ ಕೆಟ್ಟು ನಿಂತಿದ್ದರೆ ಆಯಿಲ್ ಯಾವಾಗ ಬದಲಿಸಬೇಕು ಎನ್ನುವುದು ಊಹೆಯ ಮಾತಾಗುತ್ತದೆ. ಕೇಬಲ್‌ನಿಂದ ನಡೆಯುವ ಹಳೇ ಮೀಟರ್‌ಗಳಲ್ಲಿ ಎಂಜಿನ್ ವೇಗ ಕಡಿಮೆಯಿದ್ದಾಗ ಗಂಟೆಯೂ ನಿಧಾನವಾಗಿ ಏರುತ್ತದೆ ಎಂಬುದು ನೆನಪಿರಲಿ.

ಒಂದು ನೋಟ್‌ಬುಕ್ಕನ್ನು ಟೂಲ್ ಬಾಕ್ಸ್‌ನಲ್ಲೇ ಇಡಿ. ದಿನಾಂಕ, ಗಂಟೆ, ಹಾಕಿದ ಡೀಸೆಲ್, ಬದಲಿಸಿದ ಫಿಲ್ಟರ್, ಮಾಡಿದ ಎಕರೆ, ಇಷ್ಟು ಬರೆದರೆ ಸಾಕು. ಬಾಡಿಗೆಗೆ ಓಡಿಸುವವರಿಗಂತೂ ಈ ಪುಸ್ತಕವಿಲ್ಲದೆ ಲಾಭ ನಷ್ಟ ಗೊತ್ತಾಗುವುದೇ ಇಲ್ಲ.

ಬೆಳಗಿನ ಹತ್ತು ನಿಮಿಷ

ಎಂಜಿನ್ ತಣ್ಣಗಿರುವಾಗ, ಸಮತಟ್ಟು ಜಾಗದಲ್ಲಿ, ಸೆಲ್ಫ್ ಹೊಡೆಯುವ ಮುಂಚೆ:

1. ನಿಂತಿದ್ದ ಜಾಗದ ನೆಲ ನೋಡಿ. ಆಯಿಲ್, ಡೀಸೆಲ್, ನೀರು, ಯಾವುದರ ಹನಿ ಬಿದ್ದಿದ್ದರೂ ಎಲ್ಲಿಂದ ಎಂದು ಪತ್ತೆಮಾಡಿ.
2. ಡಿಪ್ ಸ್ಟಿಕ್ ಎಳೆದು, ಒರೆಸಿ, ಮತ್ತೆ ಹಾಕಿ ತೆಗೆಯಿರಿ. ಆಯಿಲ್ ಎರಡು ಗುರುತುಗಳ ನಡುವೆ ಇರಬೇಕು.
3. ರೇಡಿಯೇಟರ್ ಕೂಲೆಂಟ್ ಮಟ್ಟ ನೋಡಿ, ಜಾಲರಿಗೆ ಅಂಟಿದ ಕಸ ತೆಗೆಯಿರಿ.
4. ಡೀಸೆಲ್ ಫಿಲ್ಟರ್ ಕೆಳಗಿನ ನೀರಿನ ಬಟ್ಟಲಿನಲ್ಲಿ ನೀರು ಕಂಡರೆ ಸ್ಕ್ರೂ ಸಡಿಲಿಸಿ ನೀರು ಹೊರಬಿಟ್ಟು ಮತ್ತೆ ಬಿಗಿ ಮಾಡಿ.
5. ಏರ್ ಕ್ಲೀನರ್. ಇದರ ವಿವರ ಮುಂದಿದೆ.
6. ಚಕ್ರದ ನಟ್, ಉಪಕರಣದ ಪಿನ್, ಲಿಂಚ್ ಪಿನ್ ಕೈಯಾಡಿಸಿ ನೋಡಿ.

ಸ್ಟಾರ್ಟ್ ಮಾಡಿದ ಕೂಡಲೇ ಆಯಿಲ್ ಪ್ರೆಷರ್ ದೀಪ ಆರಬೇಕು. ಕೆಲವೇ ಸೆಕೆಂಡಿನಲ್ಲಿ ಆರದಿದ್ದರೆ ತಕ್ಷಣ ಆಫ್ ಮಾಡಿ. ಸೆಲ್ಫ್ ಅನ್ನು ಒಂದೇ ಸಲಕ್ಕೆ ಹತ್ತು ಸೆಕೆಂಡಿಗಿಂತ ಹೆಚ್ಚು ಒತ್ತಬೇಡಿ. ಹತ್ತದಿದ್ದರೆ ಅರ್ಧ ನಿಮಿಷ ಬಿಟ್ಟು ಮತ್ತೆ ಪ್ರಯತ್ನಿಸಿ. ಹತ್ತಿದ ಮೇಲೆ ಎರಡು ಮೂರು ನಿಮಿಷ ಅರ್ಧಕ್ಕಿಂತ ಕಡಿಮೆ ರೇಸ್‌ನಲ್ಲಿ ಬಿಟ್ಟು ಆಮೇಲೆ ಕೆಲಸಕ್ಕೆ ಇಳಿಯಿರಿ. ಟರ್ಬೊ ಇರುವ ಎಂಜಿನ್ ಆದರೆ ಸಂಜೆ ಆಫ್ ಮಾಡುವ ಮುಂಚೆಯೂ ಒಂದೆರಡು ನಿಮಿಷ ಸ್ಲೋನಲ್ಲಿ ಬಿಡಬೇಕು. ಇಲ್ಲದಿದ್ದರೆ ಕಾದ ಟರ್ಬೊದೊಳಗೆ ಆಯಿಲ್ ಸುಟ್ಟು ಗಟ್ಟಿಯಾಗುತ್ತದೆ.

ಏರ್ ಕ್ಲೀನರ್: ಎಂಜಿನ್ ಆಯುಸ್ಸು ನಿಂತಿರುವುದು ಇಲ್ಲಿ

ಕೆಂಪು ಮಣ್ಣಿನಲ್ಲಿ ಗಟ್ಟಿಯಾದ ಬೆಣಚು ಮರಳಿನ ಕಣಗಳಿವೆ. ಯುಗಾದಿ ಕಳೆದ ಮೇಲೆ ಒಣಗಿದ ಹೊಲದಲ್ಲಿ ರೋಟವೇಟರ್ ಬಿಟ್ಟರೆ ಎದ್ದ ಧೂಳಿನ ಮಧ್ಯದಲ್ಲೇ ಎಂಜಿನ್ ಉಸಿರಾಡುತ್ತದೆ. ಆ ಕಣ ಸಿಲಿಂಡರ್ ಒಳಗೆ ಹೋದರೆ ಲೈನರ್, ಪಿಸ್ಟನ್ ರಿಂಗ್ ಎರಡನ್ನೂ ಉಜ್ಜುತ್ತದೆ. ಆಮೇಲೆ ಆಯಿಲ್ ಕುಡಿಯುವುದು, ನೀಲಿ ಹೊಗೆ, ಬ್ರೀದರ್ ಪೈಪಿನಲ್ಲಿ ಹೊಗೆ, ಬೆಳಿಗ್ಗೆ ಹತ್ತದಿರುವುದು ಒಂದರ ಹಿಂದೊಂದು ಬರುತ್ತವೆ. ಆಗ ಎಷ್ಟು ಒಳ್ಳೆ ಆಯಿಲ್ ಹಾಕಿದರೂ ಪ್ರಯೋಜನವಿಲ್ಲ.

ಆಯಿಲ್ ಬಟ್ಟಲಿನ ಏರ್ ಕ್ಲೀನರ್ ಇದ್ದರೆ ಹೀಗೆ ಮಾಡಿ:

1. ಎಂಜಿನ್ ಆಫ್ ಮಾಡಿ ಕಾಲು ಗಂಟೆ ಕಾಯಿರಿ. ಮೇಲಿನ ಜಾಲರಿಗೆ ಅಂಟಿದ ಆಯಿಲ್ ಬಟ್ಟಲಿಗೆ ಇಳಿಯಬೇಕು.
2. ಕ್ಲಿಪ್ ಬಿಚ್ಚಿ ಬಟ್ಟಲನ್ನು ನೇರವಾಗಿ ಕೆಳಗಿಳಿಸಿ.
3. ತಳಕ್ಕೆ ಬೆರಳಿಟ್ಟು ನೋಡಿ. ಕೆಸರು ಒಂದು ಸೆಂಟಿಮೀಟರ್ ಹತ್ತಿರಕ್ಕೆ ಬಂದಿದ್ದರೆ ಅಥವಾ ಆಯಿಲ್ ಮಂದವಾಗಿ ಎಳೆಯಾಗಿ ಬೀಳುತ್ತಿದ್ದರೆ ಪೂರ್ತಿ ಚೆಲ್ಲಿ.
4. ಬಟ್ಟಲು ಮತ್ತು ಕಳಚಿ ಬರುವ ಜಾಲರಿಯನ್ನು ಡೀಸೆಲ್‌ನಲ್ಲಿ ತೊಳೆದು, ಪೂರ್ತಿ ಸೋರಲು ಬಿಟ್ಟು, ಒರೆಸಿ.
5. ಎಂಜಿನ್‌ಗೆ ಹಾಕುವ ಆಯಿಲನ್ನೇ ಬಟ್ಟಲಿನ ಗುರುತಿನವರೆಗೆ ತುಂಬಿ. ಸುಟ್ಟ ಹಳೇ ಆಯಿಲ್ ಬೇಡ.
6. ರಬ್ಬರ್ ರಿಂಗ್ ಕೂತಿದೆಯೇ ನೋಡಿ ಕ್ಲಿಪ್ ಹಾಕಿ.

ಒಣ ಉಳುಮೆ, ರೋಟವೇಟರ್, ಒಕ್ಕಣೆ ಯಂತ್ರದ ಕೆಲಸ ನಡೆಯುವಾಗ ಇದನ್ನು ದಿನಾ ಬಿಚ್ಚಿ ನೋಡಲೇಬೇಕು. ರಾಗಿ ಒಕ್ಕಣೆಯ ಧೂಳಂತೂ ಹೊಲದ ಧೂಳಿಗಿಂತ ಬೇಗ ಬಟ್ಟಲು ತುಂಬಿಸುತ್ತದೆ. ಮಳೆಗಾಲದಲ್ಲಿ ವಾರಕ್ಕೊಮ್ಮೆ ನೋಡಿದರೂ ನಡೆಯುತ್ತದೆ.

ಗುರುತಿಗಿಂತ ಹೆಚ್ಚು ಆಯಿಲ್ ತುಂಬುವುದು ಕಡಿಮೆ ತುಂಬುವುದಕ್ಕಿಂತ ಅಪಾಯ. ಎಂಜಿನ್ ಆ ಆಯಿಲನ್ನೇ ಎಳೆದುಕೊಂಡು ಉರಿಸಬಲ್ಲದು. ಆಗ ರೇಸ್ ತಾನಾಗಿ ಏರುತ್ತ ಹೋಗಿ ಸ್ಟಾಪ್ ನಾಬ್ ಎಳೆದರೂ ನಿಲ್ಲುವುದಿಲ್ಲ. ಹಾಗಾದರೆ ಗಾಳಿ ಎಳೆಯುವ ಬಾಯಿಗೆ ದಪ್ಪ ಹಲಗೆ ಒತ್ತಿ ಗಾಳಿ ಕಟ್ಟಬೇಕು. ಕೈ, ಟವೆಲ್ ಅಡ್ಡ ಹಿಡಿಯಬಾರದು, ಅದನ್ನೂ ಎಳೆದುಕೊಳ್ಳುತ್ತದೆ.

ಒಣ ಫಿಲ್ಟರ್ ಇರುವ ಟ್ರ್ಯಾಕ್ಟರ್‌ಗಳಲ್ಲಿ ಜನ ಮಾಡುವ ತಪ್ಪು ಬೇರೆ. ಪಂಕ್ಚರ್ ಅಂಗಡಿಯ ಗಾಳಿಯನ್ನು ಹೊರಗಿನಿಂದ ಜೋರಾಗಿ ಬಿಟ್ಟು ಧೂಳನ್ನು ಕಾಗದದೊಳಕ್ಕೆ ತುರುಕುತ್ತಾರೆ. ಗಾಳಿ ಯಾವಾಗಲೂ ಒಳಗಿನಿಂದ ಹೊರಕ್ಕೆ ಹೋಗಬೇಕು, 30 ಪಿಎಸ್‌ಐ ಮೀರಬಾರದು, ನಾಜಲ್ ಕಾಗದಕ್ಕೆ ತಾಗಬಾರದು. ಟೈರಿಗೆ ಬಡಿದು ಧೂಳು ಉದುರಿಸಬೇಡಿ, ತುದಿಯ ತಗಡು ಸೊಟ್ಟಗಾದರೆ ಸೀಲ್ ಕೂರುವುದಿಲ್ಲ. ಶುಚಿ ಮಾಡಿದ ಮೇಲೆ ಕತ್ತಲ ಕೋಣೆಯಲ್ಲಿ ಫಿಲ್ಟರ್ ಒಳಗೆ ಟಾರ್ಚ್ ಇಟ್ಟು ನೋಡಿ. ಎಲ್ಲಾದರೂ ಬೆಳಕಿನ ಚುಕ್ಕೆ ಕಂಡರೆ ಆ ಫಿಲ್ಟರ್ ಎಸೆಯಿರಿ. ಒಳಗಿನ ಚಿಕ್ಕ ಸೇಫ್ಟಿ ಫಿಲ್ಟರನ್ನು ತೊಳೆಯುವ, ಊದುವ ಹಾಗೇ ಇಲ್ಲ, ಕೊಳೆಯಾದರೆ ಹೊಸದು.

ಇಷ್ಟೆಲ್ಲ ಮಾಡಿಯೂ ಮುಕ್ಕಾಲು ಪಾಲು ಜನ ನೋಡದೆ ಬಿಡುವುದು ಏರ್ ಕ್ಲೀನರ್‌ನಿಂದ ಎಂಜಿನ್‌ಗೆ ಹೋಗುವ ರಬ್ಬರ್ ಹೋಸ್ ಪೈಪನ್ನು. ಬಿಸಿಲಿಗೆ ಅದು ಬಿರಿಯುತ್ತದೆ, ಕ್ಲಿಪ್ ಸಡಿಲವಾಗುತ್ತದೆ. ಅಲ್ಲಿಂದ ಹೋಗುವ ಗಾಳಿಗೆ ಫಿಲ್ಟರೇ ಇಲ್ಲ. ತಿಂಗಳಿಗೊಮ್ಮೆ ಹೋಸ್ ಬಿಚ್ಚಿ ಒಳಗೆ ಬಿಳಿ ಬಟ್ಟೆಯಿಂದ ಒರೆಸಿ. ಬಟ್ಟೆ ಕೆಂಪಾದರೆ ಧೂಳು ಆಗಲೇ ಒಳಗೆ ಹೋಗುತ್ತಿದೆ ಎಂದರ್ಥ. ಹೋಸ್ ಬದಲಿಸಲು ಆಗುವ ಖರ್ಚು ಬೋರ್ ಕೆಲಸದ ಮುಂದೆ ಏನೇನೂ ಅಲ್ಲ.

ರೇಡಿಯೇಟರ್‌ಗೆ ಬೋರ್ ನೀರು ಬೇಡ

ಕೋಲಾರ, ಚಿಕ್ಕಬಳ್ಳಾಪುರದಲ್ಲಿ ಸಾವಿರ ಅಡಿಗಿಂತ ಕೆಳಗಿನಿಂದ ನೀರು ತೆಗೆಯುವ ಕೊಳವೆಬಾವಿಗಳು ಬೇಕಾದಷ್ಟಿವೆ. ಪಾವಗಡ, ಮಧುಗಿರಿ, ಶಿರಾ ಕಡೆಯ ನೀರೂ ಗಡಸು. ಆ ನೀರಿನಲ್ಲಿ ಕರಗಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು ಬಿಸಿಯಾದಾಗ ಸುಣ್ಣದ ಪದರವಾಗಿ ಕಟ್ಟುತ್ತವೆ. ಸ್ನಾನದ ಹಂಡೆಯೊಳಗೆ ಕಾಣುವ ಬಿಳಿ ಪದರವೇ ಎಂಜಿನ್ ಬ್ಲಾಕ್ ಒಳಗೂ ಕೂರುತ್ತದೆ. ಆ ಪದರ ಶಾಖವನ್ನು ಹೊರಬಿಡುವುದಿಲ್ಲ. ಮೇಲಿನ ಗೇಜ್ ನಾರ್ಮಲ್ ತೋರಿಸುತ್ತಿದ್ದರೂ ಸಿಲಿಂಡರ್ ಹೆಡ್ ಹತ್ತಿರ ಲೋಹ ಕಾದು, ಗ್ಯಾಸ್ಕೆಟ್ ಹೋಗುವುದು, ಹೆಡ್ ಬಿರಿಯುವುದು ಹೀಗೆ.

ಅತ್ಯುತ್ತಮ ಎಂದರೆ ನೀರು ಬೆರೆಸುವ ಅಗತ್ಯವಿಲ್ಲದ ರೆಡಿ ಕೂಲೆಂಟ್. ಗಟ್ಟಿ ಕೂಲೆಂಟ್ ಕೊಂಡರೆ ಡಬ್ಬದ ಮೇಲೆ ಹೇಳಿದ ಪ್ರಮಾಣದಲ್ಲಿ ಡಿಸ್ಟಿಲ್ಡ್ ವಾಟರ್ ಬೆರೆಸಿ. ಅದು ಸಿಗದಿದ್ದರೆ ತಾರಸಿಯ ಮೊದಲೆರಡು ಮಳೆ ಬಿಟ್ಟು ಹಿಡಿದ ಮಳೆನೀರನ್ನು ಬಟ್ಟೆಯಲ್ಲಿ ಸೋಸಿ ಬಳಸಬಹುದು. ಚಳಿಗೆ ಇಲ್ಲಿ ನೀರು ಹೆಪ್ಪುಗಟ್ಟುವುದಿಲ್ಲ, ಆದ್ದರಿಂದ ಕೂಲೆಂಟ್ ಯಾಕೆ ಎಂದು ಕೇಳುವವರಿದ್ದಾರೆ. ನಮಗೆ ಅದು ಬೇಕಿರುವುದು ತುಕ್ಕು ತಡೆಯಲು ಮತ್ತು ಕುದಿಯುವ ಬಿಂದು ಏರಿಸಲು.

ಈಗಾಗಲೇ ವರ್ಷಗಟ್ಟಲೆ ಬೋರ್ ನೀರು ಓಡಿದ್ದರೆ ತಣ್ಣಗಿರುವಾಗ ಕೆಳಗಿನ ಡ್ರೈನ್ ಮತ್ತು ಬ್ಲಾಕ್ ಡ್ರೈನ್ ಎರಡನ್ನೂ ತೆರೆದು ಖಾಲಿಮಾಡಿ, ಅಂಗಡಿಯಲ್ಲಿ ಸಿಗುವ ರೇಡಿಯೇಟರ್ ಫ್ಲಶ್ ಹಾಕಿ, ಅದರ ಮೇಲೆ ಹೇಳಿದಷ್ಟು ಹೊತ್ತು ಎಂಜಿನ್ ಓಡಿಸಿ, ಮತ್ತೆ ಖಾಲಿಮಾಡಿ, ಸ್ವಚ್ಛ ನೀರು ಬರುವವರೆಗೆ ತೊಳೆಯಿರಿ. ವಾಷಿಂಗ್ ಸೋಡ ಹಾಕುವ ಹಳೇ ಪದ್ಧತಿ ತಾಮ್ರ ಹಿತ್ತಾಳೆ ರೇಡಿಯೇಟರ್‌ಗೆ ಸರಿ. ಅಲ್ಯುಮಿನಿಯಂ ರೇಡಿಯೇಟರನ್ನು ಸೋಡ ತಿನ್ನುತ್ತದೆ.

ಹೊರಗಿನ ರೆಕ್ಕೆಗಳಿಗೆ ರಾಗಿ ಹೊಟ್ಟು, ಕಡಲೆಕಾಯಿ ಹೊಟ್ಟು ಸಿಕ್ಕಿಕೊಂಡರೂ ಅದೇ ಪರಿಣಾಮ. ಫ್ಯಾನ್ ಕಡೆಯಿಂದ ಮುಂದಕ್ಕೆ ಗಾಳಿ ಊದಿ ಬಿಡಿಸಿ. ವಾಟರ್ ಸರ್ವಿಸ್‌ನ ಜೋರು ನೀರು ಹತ್ತಿರದಿಂದ ಬಿಟ್ಟರೆ ರೆಕ್ಕೆ ಮಡಚಿಕೊಳ್ಳುತ್ತವೆ. ಫ್ಯಾನ್ ಬೆಲ್ಟನ್ನು ಮಧ್ಯದಲ್ಲಿ ಹೆಬ್ಬೆರಳಿನಿಂದ ಒತ್ತಿದರೆ 10ರಿಂದ 15 ಮಿಲಿಮೀಟರ್ ಬಗ್ಗಬೇಕು. ಹೆಚ್ಚು ಬಗ್ಗಿದರೆ ಜಾರುತ್ತದೆ, ಕಡಿಮೆಯಾದರೆ ವಾಟರ್ ಪಂಪ್ ಬೇರಿಂಗ್ ಹೋಗುತ್ತದೆ.

ಹೊಲದ ಮಧ್ಯೆ ಹೀಟ್ ಆದರೆ ತಕ್ಷಣ ಆಫ್ ಮಾಡಬೇಡಿ. ಉಪಕರಣ ಎತ್ತಿ, ಪಿಟಿಒ (ಹಿಂದಿನ ಉಪಕರಣವನ್ನು ಎಂಜಿನ್ ಬಲದಿಂದ ತಿರುಗಿಸುವ ಶಾಫ್ಟ್) ಬಿಡಿಸಿ, ಕೆಲವು ನಿಮಿಷ ಸ್ಲೋನಲ್ಲಿ ಬಿಟ್ಟು ಆಮೇಲೆ ನಿಲ್ಲಿಸಿ. ಕೂಲೆಂಟ್ ಪೂರ್ತಿ ಸೋರಿಹೋಗಿದ್ದರೆ ಅಥವಾ ಬೆಲ್ಟ್ ಹರಿದಿದ್ದರೆ ಮಾತ್ರ ಆ ಕ್ಷಣವೇ ಆಫ್ ಮಾಡಬೇಕು. ಕ್ಯಾಪ್ ಮುಟ್ಟಬೇಡಿ, ಕುದಿವ ನೀರು ಮುಖಕ್ಕೆ ಚಿಮ್ಮುತ್ತದೆ. ಕೈಯಿಟ್ಟರೆ ಸುಡದಷ್ಟು ತಣಿದ ಮೇಲೆ ದಪ್ಪ ಬಟ್ಟೆ ಹಿಡಿದು ಮೊದಲ ಹಂತಕ್ಕೆ ತಿರುಗಿಸಿ ಆವಿ ಬಿಟ್ಟು, ನಂತರ ತೆಗೆಯಿರಿ. ಕಾದ ಎಂಜಿನ್‌ಗೆ ತಣ್ಣೀರು ಸುರಿದರೆ ಹೆಡ್ ಬಿರಿಯುತ್ತದೆ.

ಎಂಜಿನ್ ಆಯಿಲ್ ಹೇಳುವ ಸುದ್ದಿ

ಹೊಸ ಟ್ರ್ಯಾಕ್ಟರ್‌ಗೆ ಮೊದಲ ಬದಲಾವಣೆ 50 ಗಂಟೆಗೆ, ಆಮೇಲೆ ಬಹುಪಾಲು ಮಾದರಿಗಳಿಗೆ 250 ಗಂಟೆಗೊಮ್ಮೆ. 15ಡಬ್ಲ್ಯು-40 ದರ್ಜೆಯ ಡೀಸೆಲ್ ಎಂಜಿನ್ ಆಯಿಲ್ ನಮ್ಮ ಹವಾಮಾನಕ್ಕೆ ಹೊಂದುತ್ತದೆ. ಆರರಿಂದ ಎಂಟು ಲೀಟರ್ ಹಿಡಿಯುತ್ತದೆ. ಎಂಜಿನ್ ಬಿಸಿಯಿರುವಾಗ ಡ್ರೈನ್ ಮಾಡಿ. ತಣ್ಣಗಾದರೆ ಕೆಸರು ತಳದಲ್ಲೇ ಉಳಿಯುತ್ತದೆ. ಫಿಲ್ಟರನ್ನು ಪ್ರತಿ ಸಲವೂ ಬದಲಿಸಿ. ಹೊಸ ಫಿಲ್ಟರ್‌ನ ರಬ್ಬರಿಗೆ ಆಯಿಲ್ ಸವರಿ, ರಬ್ಬರ್ ತಾಗಿದ ಮೇಲೆ ಕೈಯಲ್ಲೇ ಮುಕ್ಕಾಲು ಸುತ್ತು ಬಿಗಿ ಮಾಡಿ. ಪಾನಾ ಹಾಕಿ ಬಿಗಿದರೆ ಮುಂದಿನ ಸಲ ಬಿಚ್ಚಲು ಬರುವುದಿಲ್ಲ.

ಡಿಪ್ ಸ್ಟಿಕ್ ನೋಡುವಾಗ ಮಟ್ಟದ ಜೊತೆ ಬಣ್ಣ, ವಾಸನೆಯನ್ನೂ ಗಮನಿಸಿ. ಕಪ್ಪಾದರೆ ಹೆದರಬೇಕಿಲ್ಲ, ಡೀಸೆಲ್ ಎಂಜಿನ್ ಆಯಿಲ್ ಬೇಗ ಕಪ್ಪಾಗುವುದು ಸಹಜ. ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ಬಂದಿದ್ದರೆ ನೀರು ಸೇರಿದೆ. ಹೆಡ್ ಗ್ಯಾಸ್ಕೆಟ್ ಅಥವಾ ಲೈನರ್ ರಿಂಗ್ ನೋಡಿಸಿ. ಆಯಿಲ್ ಹಾಕದಿದ್ದರೂ ಮಟ್ಟ ಏರಿ, ತೆಳುವಾಗಿ, ಡೀಸೆಲ್ ವಾಸನೆ ಬರುತ್ತಿದ್ದರೆ ಫೀಡ್ ಪಂಪ್ ಅಥವಾ ಇಂಜೆಕ್ಷನ್ ಪಂಪ್ ಸೀಲ್‌ನಿಂದ ಡೀಸೆಲ್ ಇಳಿಯುತ್ತಿದೆ. ಈ ಎರಡು ಸ್ಥಿತಿಯಲ್ಲಿ ಒಂದು ಎಕರೆ ಮುಗಿಸಿ ನೋಡೋಣ ಎನ್ನಬೇಡಿ. ಬೇರಿಂಗ್ ಹಿಡಿದುಕೊಂಡರೆ ಕ್ರ್ಯಾಂಕ್‌ಗೇ ಪೆಟ್ಟು.

ಡೀಸೆಲ್, ಮತ್ತು ಪೈಪಿನಿಂದ ಗಾಳಿ ತೆಗೆಯುವ ಕ್ರಮ

ಕ್ಯಾನಿನಲ್ಲಿ ತಂದ ಡೀಸೆಲನ್ನು ಒಂದು ರಾತ್ರಿ ಕದಲಿಸದೆ ಇಟ್ಟು, ತಳದ ಎರಡು ಬೆರಳು ಉಳಿಸಿ, ಸಣ್ಣ ಜಾಲರಿ ಇರುವ ಆಲಿಕೆಯಲ್ಲಿ ಹಾಕಿ. ಟ್ಯಾಂಕನ್ನು ಸಂಜೆಯೇ ತುಂಬಿಸಿ. ಅರ್ಧ ಖಾಲಿ ಟ್ಯಾಂಕಿನ ಗಾಳಿಯಲ್ಲಿರುವ ತೇವ ರಾತ್ರಿ ತಂಪಿಗೆ ನೀರಾಗಿ ಡೀಸೆಲಿಗೆ ಇಳಿಯುತ್ತದೆ. ಮಾಗಿಯ ಚಳಿಯಲ್ಲಿ ಇದು ಹೆಚ್ಚು. ನೀರು ಇಂಜೆಕ್ಟರ್ ತಲುಪಿದರೆ ಅದರ ಸೂಕ್ಷ್ಮ ಭಾಗಗಳು ತುಕ್ಕು ಹಿಡಿಯುತ್ತವೆ. ಮೊದಲ ಫಿಲ್ಟರ್ ಸಾಮಾನ್ಯವಾಗಿ 500 ಗಂಟೆಗೆ, ಎರಡನೆಯದು 1000 ಗಂಟೆಗೆ ಬದಲಾಗಬೇಕು.

ಡೀಸೆಲ್ ಪೂರ್ತಿ ಖಾಲಿಯಾಗಿ ನಿಂತರೆ ಅಥವಾ ಫಿಲ್ಟರ್ ಬದಲಿಸಿದರೆ ಪೈಪಿನಲ್ಲಿ ಗಾಳಿ ಸಿಕ್ಕಿಕೊಳ್ಳುತ್ತದೆ. ಬ್ಯಾಟರಿ ಇಳಿಯುವವರೆಗೆ ಸೆಲ್ಫ್ ಹೊಡೆದು ಫಲವಿಲ್ಲ. ಹಳೇ ಮಾದರಿಯ ಇಂಜೆಕ್ಷನ್ ಪಂಪ್ ಇರುವ ಟ್ರ್ಯಾಕ್ಟರ್‌ನಲ್ಲಿ:

1. ಟ್ಯಾಂಕಿಗೆ ಕನಿಷ್ಠ ಹತ್ತು ಲೀಟರ್ ಹಾಕಿ, ಕಾಕ್ ತೆರೆಯಿರಿ.
2. ಮೊದಲ ಫಿಲ್ಟರ್ ಮೇಲಿನ ಬ್ಲೀಡ್ ಸ್ಕ್ರೂ ಎರಡು ಸುತ್ತು ಸಡಿಲಿಸಿ, ಫೀಡ್ ಪಂಪ್‌ನ ಕೈಹಿಡಿ ಒತ್ತುತ್ತಾ ಹೋಗಿ. ಗುಳ್ಳೆ ನಿಂತು ಬರೀ ಡೀಸೆಲ್ ಬಂದಾಗ ಬಿಗಿ ಮಾಡಿ.
3. ಎರಡನೇ ಫಿಲ್ಟರ್‌ಗೂ ಹಾಗೆಯೇ.
4. ಇಂಜೆಕ್ಷನ್ ಪಂಪ್‌ನ ಬ್ಲೀಡ್ ಸ್ಕ್ರೂಗೂ ಹಾಗೆಯೇ.
5. ಆಮೇಲೂ ಹತ್ತದಿದ್ದರೆ ಇಂಜೆಕ್ಟರ್ ಪೈಪಿನ ನಟ್‌ಗಳನ್ನು ಅರ್ಧ ಸುತ್ತು ಸಡಿಲಿಸಿ, ಬಟ್ಟೆ ಮುಚ್ಚಿ, ಸೆಲ್ಫ್ ಹೊಡೆಸಿ. ಡೀಸೆಲ್ ಜಿನುಗಿದ ಕೂಡಲೇ ಬಿಗಿ ಮಾಡಿ.

ಓಡುತ್ತಿರುವ ಎಂಜಿನ್‌ನ ಇಂಜೆಕ್ಟರ್ ಪೈಪ್ ಸೋರುತ್ತಿದೆಯೇ ಎಂದು ಬೆರಳಿಟ್ಟು ನೋಡಬೇಡಿ. ಆ ಒತ್ತಡದ ಡೀಸೆಲ್ ಚರ್ಮ ತೂರಿ ಒಳಗೆ ಹೋಗುತ್ತದೆ. ಹಾಗಾದರೆ ಗಾಯ ಚಿಕ್ಕದಾಗಿ ಕಂಡರೂ ಕೂಡಲೇ ಆಸ್ಪತ್ರೆಗೆ ಹೋಗಬೇಕು. 2023ರ ಜನವರಿಯಿಂದ 50 ಎಚ್‌ಪಿ ಮೇಲಿನ ಹೊಸ ಟ್ರ್ಯಾಕ್ಟರ್‌ಗಳಿಗೆ ಟ್ರೆಮ್-4 ಹೊಗೆ ನಿಯಮ ಬಂದಿದೆ. ಅವುಗಳಲ್ಲಿ ಕಾಮನ್ ರೈಲ್ (ಅತಿ ಒತ್ತಡದ ಡೀಸೆಲನ್ನು ಒಂದೇ ಪೈಪಿನಿಂದ ಎಲ್ಲ ಇಂಜೆಕ್ಟರಿಗೂ ಹಂಚುವ ವ್ಯವಸ್ಥೆ) ಇದ್ದರೆ ಮೇಲಿನ ಪಟ್ಟಿಯ ಐದನೇ ಹಂತವನ್ನು ಮಾಡಲೇಬಾರದು.

ಹೊಗೆಯ ಬಣ್ಣದಿಂದಲೂ ತೊಂದರೆ ಎಲ್ಲಿದೆ ಎಂದು ತಿಳಿಯಬಹುದು. ಭಾರ ಬಿದ್ದಾಗ ಒಂದೇಸಮನೆ ಕಪ್ಪು ಹೊಗೆ ಬಂದರೆ ಮೊದಲು ಏರ್ ಕ್ಲೀನರ್ ನೋಡಿ, ಆಮೇಲೆ ಗೇರ್ ಒಂದು ಇಳಿಸಿ, ಅದಕ್ಕೂ ಹೋಗದಿದ್ದರೆ ಇಂಜೆಕ್ಟರ್ ಟೆಸ್ಟ್ ಮಾಡಿಸಿ. ನೀಲಿ ಹೊಗೆ ಎಂದರೆ ಆಯಿಲ್ ಉರಿಯುತ್ತಿದೆ. ಬೆಳಗಿನ ಬಿಳಿ ಹೊಗೆ ಎಂಜಿನ್ ಕಾದ ಮೇಲೆ ನಿಂತರೆ ಸರಿ. ನಿಲ್ಲದೆ ಕೂಲೆಂಟ್ ಕೂಡ ಕಡಿಮೆಯಾಗುತ್ತಿದ್ದರೆ ನೀರು ಸಿಲಿಂಡರಿಗೆ ಇಳಿಯುತ್ತಿದೆ.

ಕ್ಲಚ್, ಬ್ರೇಕ್, ಹಿಂದಿನ ಆಯಿಲ್, ಬ್ಯಾಟರಿ

ಕ್ಲಚ್ ಪೆಡಲಿನ ಸಡಿಲ 20ರಿಂದ 30 ಮಿಲಿಮೀಟರ್ ಇರಲಿ. ಪೆಡಲ್ ಮೇಲೆ ಕಾಲಿಟ್ಟುಕೊಂಡೇ ಓಡಿಸುವ ಅಭ್ಯಾಸದಿಂದ ರಿಲೀಸ್ ಬೇರಿಂಗ್ ಮತ್ತು ಪ್ಲೇಟ್ ಎರಡೂ ಸವೆಯುತ್ತವೆ. ಎಡ ಬಲ ಬ್ರೇಕ್‌ಗಳ ಸಡಿಲ ಒಂದೇ ಸಮ ಇರಬೇಕು. ಗೇರ್, ಹೈಡ್ರಾಲಿಕ್ ಆಯಿಲ್ ಸುಮಾರು 1000 ಗಂಟೆಗೆ. ಆಯಿಲ್‌ನಲ್ಲಿ ಮುಳುಗಿದ ಬ್ರೇಕ್ ಇರುವ ಟ್ರ್ಯಾಕ್ಟರ್‌ಗೆ ಕಂಪನಿ ಹೇಳಿದ ಆಯಿಲನ್ನೇ ಹಾಕಿ, ಬೇರೆಯದು ಹಾಕಿದರೆ ಬ್ರೇಕ್ ಕಿರುಗುಟ್ಟಿ ಅದುರುತ್ತದೆ. ಕೆರೆ ಬಯಲಿನ ಗದ್ದೆಯಲ್ಲಿ ಕೇಜ್ ವೀಲ್ ಹಾಕಿ ಕೆಸರು ಕಲಸಿದ ಮೇಲೆ ಈ ಆಯಿಲ್ ಬಿಳಿಚಿದೆಯೇ ನೋಡಿ, ಮುಂದಿನ ಆಕ್ಸಲ್, ಹಬ್‌ಗಳಿಗೆ ಹೊಸ ಗ್ರೀಸ್ ಹೊಡೆದು ಹಳೆಯದು ಹೊರಬರುವಂತೆ ಮಾಡಿ.

ಬ್ಯಾಟರಿ ನೀರು ಪ್ಲೇಟಿನ ಮೇಲೆ 10ರಿಂದ 15 ಮಿಲಿಮೀಟರ್ ಇರಲಿ, ಡಿಸ್ಟಿಲ್ಡ್ ವಾಟರ್ ಮಾತ್ರ. ಟರ್ಮಿನಲ್‌ನ ಬಿಳಿ ಪುಡಿಯನ್ನು ಅಡುಗೆ ಸೋಡದ ನೀರಿನಿಂದ ತೊಳೆದು ಒಣಗಿಸಿ ವ್ಯಾಸಲೀನ್ ಸವರಿ. ಬಿಚ್ಚುವಾಗ ಮೊದಲು ಮೈನಸ್, ಹಾಕುವಾಗ ಕೊನೆಗೆ ಮೈನಸ್.

ಟೈರು, ಭಾರ, ಜಾರು

ಹಿಂದಿನ 13.6-28 ಟೈರಿಗೆ ಹೊಲದಲ್ಲಿ 12ರಿಂದ 14 ಪಿಎಸ್‌ಐ ಸಾಕು. ರಸ್ತೆಯಲ್ಲಿ ಭಾರದ ಟ್ರೈಲರ್ ಎಳೆಯುವಾಗ 18ರ ಆಸುಪಾಸು ಬೇಕು. ಮುಂದಿನ 6.00-16 ಟೈರಿಗೆ 24ರಿಂದ 30. ಹೊಲದಲ್ಲೂ ರಸ್ತೆಯ ಗಾಳಿಯನ್ನೇ ಇಟ್ಟು ಉತ್ತರೆ ಟೈರಿನ ಮಧ್ಯಭಾಗ ಮಾತ್ರ ನೆಲ ಹಿಡಿದು ಚಕ್ರ ಜಾರುತ್ತದೆ, ಡೀಸೆಲ್ ಮಣ್ಣುಪಾಲು.

ಜಾರನ್ನು ನೀವೇ ಅಳೆಯಬಹುದು. ಹಿಂದಿನ ಟೈರಿಗೆ ಸುಣ್ಣದಲ್ಲಿ ಒಂದು ಗುರುತು ಹಾಕಿ. ಉಪಕರಣ ಎತ್ತಿಕೊಂಡು ಅದೇ ಹೊಲದಲ್ಲಿ ಚಕ್ರ 10 ಸುತ್ತು ತಿರುಗಿದಾಗ ಎಷ್ಟು ದೂರ ಹೋಯಿತು ಎಂದು ಅಳೆಯಿರಿ. ಉಪಕರಣ ಇಳಿಸಿ ಉಳುತ್ತಾ ಮತ್ತೆ 10 ಸುತ್ತಿನ ದೂರ ಅಳೆಯಿರಿ. ಖಾಲಿಯಾಗಿ 40 ಮೀಟರ್, ಉಳುವಾಗ 35 ಮೀಟರ್ ಬಂದರೆ ಜಾರು ಶೇ 12.5. ಶೇ 10ರಿಂದ 15ರೊಳಗೆ ಇದ್ದರೆ ಒಳ್ಳೆಯದು. ಶೇ 20 ಮುಟ್ಟಿದರೆ ಆಳ ಕಡಿಮೆ ಮಾಡಿ ಅಥವಾ ಭಾರ ಸೇರಿಸಿ. ಶೇ 5ಕ್ಕೂ ಕಡಿಮೆಯಿದ್ದರೆ ಭಾರ ಅನಗತ್ಯವಾಗಿ ಹೊತ್ತಿದ್ದೀರಿ, ಮಣ್ಣು ತುಳಿದು ಗಟ್ಟಿಯಾಗುತ್ತದೆ.

ಭಾರಕ್ಕೆ ಟೈರಿನೊಳಗೆ ನೀರು ತುಂಬಿಸುವುದು ಅಗ್ಗದ ದಾರಿ. ಜಾಕ್ ಏರಿಸಿ, ವಾಲ್ವನ್ನು ಮೇಲ್ಗಡೆ ನಿಲ್ಲಿಸಿ, ನೀರು ವಾಲ್ವ್ ಮಟ್ಟಕ್ಕೆ ಬರುವವರೆಗೆ ತುಂಬಿದರೆ ಸುಮಾರು ಮುಕ್ಕಾಲು ಭಾಗವಾಗುತ್ತದೆ. ಉಳಿದ ಜಾಗಕ್ಕೆ ಗಾಳಿ. ಪೂರ್ತಿ ನೀರು ತುಂಬಿದರೆ ಟೈರ್ ಕಲ್ಲಿನಂತೆ ಬಿಗಿದು ಒಳಪದರ ಹರಿಯುತ್ತದೆ.

ಹೊಲದಲ್ಲಿ: ಗೇರ್ ಮೇಲೆ, ರೇಸ್ ಕೆಳಗೆ

ಬಿತ್ತನೆ, ಕುಂಟೆ, ಖಾಲಿ ಟ್ರೈಲರ್‌ನಂಥ ಹಗುರ ಕೆಲಸಕ್ಕೆ ಒಂದು ಗೇರ್ ಏರಿಸಿ ರೇಸ್ ಇಳಿಸಿದರೆ ಅದೇ ವೇಗಕ್ಕೆ ಡೀಸೆಲ್ ಕಡಿಮೆ ಹಿಡಿಯುತ್ತದೆ. ಅತಿಯಾಯಿತೇ ಎಂದು ತಿಳಿಯಲು, ಕೆಲಸ ಮಾಡುತ್ತಾ ಒಮ್ಮೆ ರೇಸ್ ಹೆಚ್ಚಿಸಿ. ಎಂಜಿನ್ ಕೂಡಲೇ ಎದ್ದರೆ ಸರಿ. ಕಪ್ಪು ಹೊಗೆ ಉಗುಳಿ ಒದ್ದಾಡಿದರೆ ಒಂದು ಗೇರ್ ಇಳಿಸಿ. ಈ ಉಪಾಯ ಪಿಟಿಒ ಕೆಲಸಕ್ಕೆ ಅನ್ವಯಿಸುವುದಿಲ್ಲ. ರೋಟವೇಟರ್, ಒಕ್ಕಣೆ ಯಂತ್ರ, ಸ್ಪ್ರೇಯರ್‌ಗಳಿಗೆ ಪಿಟಿಒ 540 ಆರ್‌ಪಿಎಂ ಬೇಕು. ಆ ವೇಗ ಯಾವ ಎಂಜಿನ್ ಆರ್‌ಪಿಎಂಗೆ ಬರುತ್ತದೆ ಎನ್ನುವ ಗುರುತು ಮೀಟರ್ ಮೇಲೇ ಇರುತ್ತದೆ. 540ಇ (ಡೀಸೆಲ್ ಉಳಿಸುವ ಪಿಟಿಒ ಗೇರ್) ಇದ್ದರೆ ಹಗುರ ಪಿಟಿಒ ಕೆಲಸಕ್ಕೆ ಅದನ್ನು ಹಾಕಿ, ಕಡಿಮೆ ಎಂಜಿನ್ ವೇಗದಲ್ಲೇ 540 ಸಿಗುತ್ತದೆ.

ಕಲ್ಟಿವೇಟರ್ ಜೋಡಿಸಿದ ಮೇಲೆ ಎರಡು ಮಟ್ಟ ನೋಡಿ. ಹಿಂದೆ ನಿಂತು ನೋಡಿದಾಗ ಎಡ ಬಲ ಸಮವಾಗಿರಬೇಕು. ಬಲಗಡೆಯ ಲಿಫ್ಟ್ ರಾಡ್‌ನ ಹಿಡಿ ತಿರುಗಿಸಿ ಸರಿಮಾಡಿ. ಪಕ್ಕದಿಂದ ನೋಡಿದಾಗ ಮುಂದಿನ ಸಾಲು, ಹಿಂದಿನ ಸಾಲಿನ ಗುಳಗಳು ಒಂದೇ ಆಳಕ್ಕೆ ಇಳಿಯಬೇಕು. ಇದು ಟಾಪ್ ಲಿಂಕ್ ಕೆಲಸ. ಟಾಪ್ ಲಿಂಕ್ ಗಿಡ್ಡವಾದರೆ ಮುಂದಿನ ಗುಳ ಮಾತ್ರ ಅಗೆಯುತ್ತದೆ, ಉದ್ದವಾದರೆ ಹಿಂದಿನದು. ಸವೆದ ಗುಳ ತಿರುಗಿಸಿ ಹಾಕಿ, ಎರಡೂ ತುದಿ ಮೊಂಡಾದರೆ ಬದಲಿಸಿ. ಮೊಂಡ ಗುಳ ಎಳೆಯಲು ಖರ್ಚಾಗುವ ಡೀಸೆಲಿನಲ್ಲಿ ಹೊಸ ಗುಳದ ದುಡ್ಡು ಬೇಗ ಹೋಗಿಬಿಡುತ್ತದೆ. ಬಂಡೆ, ಕಲ್ಲು ಅಡಗಿರುವ ಮಧುಗಿರಿ, ಗುಡಿಬಂಡೆ ಕಡೆಯ ಹೊಲಗಳಿಗೆ ಸ್ಪ್ರಿಂಗ್ ಇರುವ ಕಲ್ಟಿವೇಟರ್ ಸೂಕ್ತ.

ಎಳೆತದ ಭಾರ ಒಂದೇ ಸಮ ಇರಬೇಕಾದ ನೇಗಿಲು ಕೆಲಸಕ್ಕೆ ಡ್ರಾಫ್ಟ್ ಲಿವರ್, ಉಪಕರಣ ಒಂದೇ ಮಟ್ಟದಲ್ಲಿ ನಿಲ್ಲಬೇಕಾದ ರೋಟವೇಟರ್ ಮತ್ತು ಕೂರಿಗೆಗೆ ಪೊಸಿಷನ್ ಲಿವರ್ ಬಳಸಿ. ಎರಡನ್ನೂ ಒಟ್ಟಿಗೆ ಎಳೆದಾಡುವುದರಿಂದ ಲಿಫ್ಟ್ ಕುಣಿಯುತ್ತದೆ.

ರೋಟವೇಟರ್ ಬಗ್ಗೆ ಸ್ವಲ್ಪ ಗಟ್ಟಿಯಾಗಿಯೇ ಹೇಳಬೇಕಿದೆ. ನಮ್ಮ ಮೂರೂ ಜಿಲ್ಲೆಗಳಲ್ಲಿ ಇದರ ಬಳಕೆ ಅತಿಯಾಗಿದೆ. ಕೆಂಪು ಮರಳು ಮಿಶ್ರಿತ ಮಣ್ಣನ್ನು ಎರಡು ಮೂರು ಸಲ ಹೊಡೆದು ಹಿಟ್ಟು ಮಾಡಿದರೆ ನೋಡಲು ಚೆಂದ. ಆದರೆ ಬಿತ್ತಿದ ಮೇಲೆ ಒಂದು ಜೋರು ಮಳೆ ಬಂದು ಬಿಸಿಲು ಬಿದ್ದರೆ ಮೇಲ್ಮಣ್ಣು ಹೆಪ್ಪುಗಟ್ಟಿ ರಾಗಿ ಮೊಳಕೆ ಮೇಲೆ ಬರುವುದಿಲ್ಲ. ವರ್ಷಾನುಗಟ್ಟಲೆ ನಾಲ್ಕೈದು ಇಂಚಿನಲ್ಲೇ ಹೊಡೆಯುತ್ತಿದ್ದರೆ ಅದರ ಕೆಳಗೆ ಗಟ್ಟಿ ಪದರ ಕಟ್ಟಿ ನೀರು ಇಂಗುವುದಿಲ್ಲ. ಮುಂಗಾರಿಗೆ ಮುಂಚೆ ಒಂದು ಸಲ ನೇಗಿಲು, ಹದ ಬಂದ ಮೇಲೆ ಕಲ್ಟಿವೇಟರ್, ಬೇಕೆನಿಸಿದರೆ ಮಾತ್ರ ಕೊನೆಗೆ ಒಂದು ಸಲ ರೋಟವೇಟರ್. ಟೊಮೆಟೊ, ಹೂವಿನ ಮಡಿಗೆ ಇದು ಬೇಕು. ರಾಗಿ, ಕಡಲೆಕಾಯಿಗೆ ಅಷ್ಟು ಪುಡಿ ಬೇಡ. ತಿಪಟೂರು, ಗುಬ್ಬಿ, ತುರುವೇಕೆರೆಯ ತೆಂಗು ಅಡಿಕೆ ತೋಟಗಳಲ್ಲಿ ಬುಡದ ಪಾತಿಯೊಳಕ್ಕೆ ರೋಟವೇಟರ್ ಬಿಡಬೇಡಿ, ಮೇಲಿನ ಬೇರುಗಳೆಲ್ಲ ಕತ್ತರಿಸಿಹೋಗುತ್ತವೆ.

ಯಂತ್ರದ ಲೆಕ್ಕದಲ್ಲಿ ಐದು ಅಡಿ ರೋಟವೇಟರ್‌ಗೆ 40 ಎಚ್‌ಪಿ ಆಸುಪಾಸಿನ ಟ್ರ್ಯಾಕ್ಟರ್ ಬೇಕು, ಗಂಟೆಗೆ 2ರಿಂದ 4 ಕಿಲೋಮೀಟರ್ ವೇಗ. ನೆಲಕ್ಕೆ ಇಳಿಸುವ ಮುಂಚೆ ಪಿಟಿಒ ತಿರುಗುತ್ತಿರಬೇಕು, ಇಳಿಸುವುದು ನಿಧಾನವಾಗಿರಬೇಕು. ತಿರುವಿನಲ್ಲಿ ಬ್ಲೇಡು ನೆಲ ಬಿಡುವಷ್ಟು ಎತ್ತಿದರೆ ಸಾಕು. ಪೂರ್ತಿ ಎತ್ತಿ ತಿರುಗಿಸಿದರೆ ಪಿಟಿಒ ಶಾಫ್ಟಿನ ಕ್ರಾಸ್ ಮುರಿಯುತ್ತದೆ. ಶಾಫ್ಟಿನ ಎರಡು ತುದಿಯ ಕವಲುಗಳು ಒಂದೇ ನೇರದಲ್ಲಿ ಕೂತಿರಬೇಕು, ಇಲ್ಲದಿದ್ದರೆ ಅದುರುತ್ತದೆ. ಗೇರ್‌ಬಾಕ್ಸ್ ಮತ್ತು ಪಕ್ಕದ ಪೆಟ್ಟಿಗೆಯ ಆಯಿಲ್ ವಾರಕ್ಕೊಮ್ಮೆ, ಬ್ಲೇಡ್ ಬೋಲ್ಟ್ ದಿನಾ ನೋಡಿ, ಕ್ರಾಸ್‌ಗೆ ಎಂಟು ಗಂಟೆಗೊಮ್ಮೆ ಗ್ರೀಸ್ ಹೊಡೆಯಿರಿ. ಬ್ಲೇಡಿಗೆ ಸುತ್ತಿದ ಮಲ್ಚಿಂಗ್ ಶೀಟ್, ಡ್ರಿಪ್ ಪೈಪ್ ಬಿಡಿಸುವಾಗ ಪಿಟಿಒ ಬಿಡಿಸಿ, ಎಂಜಿನ್ ಆಫ್ ಮಾಡಿ, ಕೀ ಜೇಬಿಗೆ ಹಾಕಿಕೊಂಡೇ ಇಳಿಯಿರಿ.

ಎಕರೆಗೆ ಎಷ್ಟು ಹೊತ್ತು, ಎಷ್ಟು ಡೀಸೆಲ್

ಉಪಕರಣದ ಅಗಲವನ್ನು ಮೀಟರ್‌ನಲ್ಲಿ, ವೇಗವನ್ನು ಗಂಟೆಗೆ ಮೀಟರ್‌ನಲ್ಲಿ ಗುಣಿಸಿ, ತಿರುವು ನಿಲುಗಡೆಗೆಂದು ಕಾಲು ಭಾಗ ಕಳೆದು, 4047ರಿಂದ (ಒಂದು ಎಕರೆಗೆ ಇಷ್ಟು ಚದರ ಮೀಟರ್) ಭಾಗಿಸಿದರೆ ಗಂಟೆಗೆ ಎಷ್ಟು ಎಕರೆ ಎಂದು ಸಿಗುತ್ತದೆ. ಎರಡು ಮೀಟರ್ ಅಗಲದ ಒಂಬತ್ತು ಗುಳದ ಕಲ್ಟಿವೇಟರ್ ಗಂಟೆಗೆ 5 ಕಿಲೋಮೀಟರ್ ವೇಗದಲ್ಲಿ ಸುಮಾರು 1.85 ಎಕರೆ ಮಾಡುತ್ತದೆ. ಒಂದೂವರೆ ಮೀಟರ್ ರೋಟವೇಟರ್ 3 ಕಿಲೋಮೀಟರ್ ವೇಗದಲ್ಲಿ 0.83 ಎಕರೆ. ಬದು ಹತ್ತಿರ ಹತ್ತಿರ ಇರುವ ತುಂಡು ಹೊಲಗಳಲ್ಲಿ ಇದಕ್ಕಿಂತಲೂ ಕಡಿಮೆ. ಅದಕ್ಕೇ ಉದ್ದದ ಕಡೆಗೆ ಉಳುವುದು, ತುದಿಯಲ್ಲಿ ತಿರುಗಲು ಜಾಗ ಬಿಟ್ಟು ಅದನ್ನು ಕೊನೆಗೆ ಅಡ್ಡ ಉಳುವುದು. ಇಳಿಜಾರಿನ ಹೊಲದಲ್ಲಿ ಮಾತ್ರ ಉದ್ದ ನೋಡದೆ ಇಳಿಜಾರಿಗೆ ಅಡ್ಡಲಾಗಿಯೇ ಉಳಬೇಕು, ಇಲ್ಲದಿದ್ದರೆ ಮೇಲ್ಮಣ್ಣು ಕೊಚ್ಚಿಹೋಗುತ್ತದೆ.

ಡೀಸೆಲ್ ಅಳೆಯಲು ಟ್ಯಾಂಕನ್ನು ಕತ್ತಿನವರೆಗೆ ತುಂಬಿಸಿ, ಎರಡು ಎಕರೆ ಮಾಡಿ, ಅದೇ ಜಾಗದಲ್ಲಿ ನಿಲ್ಲಿಸಿ ಲೀಟರ್ ಅಳತೆಯಲ್ಲಿ ಮತ್ತೆ ಕತ್ತಿನವರೆಗೆ ತುಂಬಿ. ಹಿಡಿದ ಲೀಟರಿನ ಅರ್ಧ ಒಂದು ಎಕರೆಯ ಖರ್ಚು. ಪುಸ್ತಕದಲ್ಲಿ ಬರೆದಿಡಿ. ಅದೇ ಹೊಲ, ಅದೇ ಹದ, ಅದೇ ಉಪಕರಣಕ್ಕೆ ಮುಂದಿನ ವರ್ಷ ಜಾಸ್ತಿ ಹಿಡಿದರೆ ಫಿಲ್ಟರ್, ಇಂಜೆಕ್ಟರ್, ಗುಳ, ಟೈರ್ ಈ ನಾಲ್ಕರಲ್ಲಿ ಒಂದು ಕೆಟ್ಟಿದೆ.

ರಸ್ತೆ ಮತ್ತು ಜೀವ

ಶ್ರೀನಿವಾಸಪುರದ ಮಾವು, ಕೋಲಾರ ಮಾರುಕಟ್ಟೆಗೆ ಹೋಗುವ ಟೊಮೆಟೊ, ತಿಪಟೂರಿನ ತೆಂಗಿನಕಾಯಿ, ಎಲ್ಲವೂ ಟ್ರೈಲರ್ ಮೇಲೇ ಹೋಗುತ್ತವೆ. ರಸ್ತೆಗೆ ಬರುವ ಮುಂಚೆ ಎರಡು ಬ್ರೇಕ್ ಪೆಡಲ್‌ಗಳ ಲಾಚ್ ಹಾಕಿ. ಒಂದೇ ಬ್ರೇಕ್ ಹಿಡಿದರೆ ವೇಗದಲ್ಲಿ ಟ್ರ್ಯಾಕ್ಟರ್ ಪಲ್ಟಿ ಹೊಡೆಯುತ್ತದೆ. ಇಳಿಜಾರಿನಲ್ಲಿ ನ್ಯೂಟ್ರಲ್ ಮಾಡಬೇಡಿ, ಹತ್ತಿದ ಗೇರಿನಲ್ಲೇ ಇಳಿಯಿರಿ. ಟ್ರೈಲರ್ ಹಿಂದೆ ಕೆಂಪು ರಿಫ್ಲೆಕ್ಟರ್ ಕಡ್ಡಾಯವಾಗಿ ಇರಲಿ. ಮಡ್‌ಗಾರ್ಡ್ ಮೇಲೆ ಮಕ್ಕಳನ್ನು ಕೂರಿಸಬೇಡಿ.

ಸಿಕ್ಕಿಕೊಂಡ ವಾಹನ, ಮರದ ಬುಡ ಎಳೆಯುವಾಗ ಸರಪಳಿಯನ್ನು ಕೆಳಗಿನ ಡ್ರಾಬಾರ್‌ಗೇ ಕಟ್ಟಿ. ಟಾಪ್ ಲಿಂಕ್ ಬ್ರಾಕೆಟ್‌ಗೆ ಕಟ್ಟಿದರೆ ಮುಂದಿನ ಚಕ್ರ ಎದ್ದು ಟ್ರ್ಯಾಕ್ಟರ್ ಹಿಂದಕ್ಕೆ ಮಗುಚುತ್ತದೆ, ಡ್ರೈವರ್‌ಗೆ ನೆಗೆಯಲು ಸಮಯವೇ ಸಿಗುವುದಿಲ್ಲ. ಸೆಲ್ಫ್ ಮೋಟಾರಿಗೆ ಸ್ಕ್ರೂಡ್ರೈವರ್ ತಾಗಿಸಿ ನೆಲದ ಮೇಲೆ ನಿಂತು ಸ್ಟಾರ್ಟ್ ಮಾಡುವುದೂ ಅಷ್ಟೇ ಅಪಾಯ. ಗೇರಿನಲ್ಲಿದ್ದರೆ ಹಿಂದಿನ ಚಕ್ರ ಮೇಲೆಯೇ ಹರಿಯುತ್ತದೆ. ಪಿಟಿಒ ಶಾಫ್ಟಿನ ಪ್ಲಾಸ್ಟಿಕ್ ಕವಚ ಒಡೆದಿದ್ದರೆ ಹೊಸದು ಹಾಕದೆ ಒಕ್ಕಣೆಗೆ ನಿಲ್ಲಿಸಬೇಡಿ. ಸೀರೆ ಸೆರಗು, ಲುಂಗಿ, ಟವೆಲ್ ಸುತ್ತಿಕೊಂಡರೆ ಬಿಡಿಸಲು ಆಗುವುದಿಲ್ಲ.

ಕ್ರಮವಾಗಿ ಕಲಿಯಬೇಕೆನ್ನುವ ಯುವಕರಿಗೆ ಅನಂತಪುರ ಜಿಲ್ಲೆಯ ಗಾರ್ಲದಿನ್ನೆಯಲ್ಲಿ ಕೇಂದ್ರ ಸರ್ಕಾರದ ದಕ್ಷಿಣ ವಲಯ ಕೃಷಿ ಯಂತ್ರೋಪಕರಣ ತರಬೇತಿ ಮತ್ತು ಪರೀಕ್ಷಾ ಸಂಸ್ಥೆ ಇದೆ. ಚಿಕ್ಕಬಳ್ಳಾಪುರ, ಬಾಗೇಪಲ್ಲಿಯಿಂದ ಹೆದ್ದಾರಿ 44ರಲ್ಲೇ ನೇರ ದಾರಿ.

ಕೆಲಸವಿಲ್ಲದ ತಿಂಗಳುಗಳಲ್ಲಿ

ಸುಗ್ಗಿ ಮುಗಿದು ಟ್ರ್ಯಾಕ್ಟರ್ ತಿಂಗಳುಗಟ್ಟಲೆ ನಿಲ್ಲುವುದಾದರೆ ತೊಳೆದು, ಗ್ರೀಸ್ ಹೊಡೆದು, ಹಳೇ ಆಯಿಲ್ ತೆಗೆದು ಹೊಸದು ಹಾಕಿಯೇ ನಿಲ್ಲಿಸಿ. ಸುಟ್ಟ ಆಯಿಲಿನ ಆಮ್ಲ ನಿಂತಲ್ಲೇ ಬೇರಿಂಗ್ ತಿನ್ನುತ್ತದೆ. ಟ್ಯಾಂಕ್ ತುಂಬಿಸಿ. ಉಪಕರಣ ನೆಲಕ್ಕಿಳಿಸಿ, ಹೈಡ್ರಾಲಿಕ್ ಮೇಲೆ ಭಾರ ಬಿಡಬೇಡಿ. ಸೈಲೆನ್ಸರ್ ಬಾಯಿಗೆ ಡಬ್ಬ ಮುಚ್ಚಿ, ಬ್ಯಾಟರಿಯ ಮೈನಸ್ ತಂತಿ ಬಿಚ್ಚಿಡಿ. ಹುಲ್ಲಿನ ಬಣವೆ ಪಕ್ಕ ನಿಲ್ಲಿಸಿದರೆ ಇಲಿಗಳು ವೈರಿಂಗ್ ಕಡಿಯುತ್ತವೆ. ಹದಿನೈದು ದಿನಕ್ಕೊಮ್ಮೆ ಡಬ್ಬ ತೆಗೆದು, ತಂತಿ ಹಾಕಿ ಸ್ಟಾರ್ಟ್ ಮಾಡಿ, ಗೇಜ್ ನಾರ್ಮಲ್‌ಗೆ ಬರುವವರೆಗೆ ಓಡಿಸಿ, ಕ್ಲಚ್ ನಾಲ್ಕೈದು ಸಲ ಒತ್ತಿ ಬಿಡಿ, ಲಿಫ್ಟ್ ಒಂದೆರಡು ಸಲ ಏರಿಳಿಸಿ. ಟೈರ್ ಒಂದೇ ಜಾಗದಲ್ಲಿ ಕೂರದಂತೆ ಒಂದು ಅಡಿ ಮುಂದಕ್ಕೆ ತಂದು ನಿಲ್ಲಿಸಿ.